ಹಿತ್ತಲಿಗೆ ಬಂದವರು

ಅಕ್ಟೋಬರ್ 13, ಸೋಮವಾರ

ಮೂರು ಬ್ಲೌಸ್ ಮುಗಿಯಿತು. ಒಂದಕ್ಕೆ ಎಡತೋಳು ಬಲಕ್ಕೆ ಹೊಲಿದಿದ್ದೆ. ಬಿಚ್ಚಿ ಮತ್ತೆ ಹೊಲಿದೆ. ಹಬ್ಬ ಹತ್ತಿರ ಬಂತು, ಎಲ್ಲರಿಗೂ ಅರ್ಜೆಂಟ್. ಮಧ್ಯಾಹ್ನ ಗಂಜಿ, ಚಟ್ನಿ. ಇವರು ಬಂಗುಡೆ ತಂದಿದ್ದರು. ಮಾಡಲಿಲ್ಲ. ಫ್ರಿಜ್ಜಿನಲ್ಲಿದೆ.

ನಾಗ ಬಂದಿದ್ದ. ಪ್ರತಿವರ್ಷ ಮಳೆ ನಿಂತ ಮೇಲೆ, ದೀಪಾವಳಿಗೆ ಮೊದಲು, ಹಿತ್ತಲ ಕಳೆ ಸವರಿ ಅಂಗಳ ಕೆತ್ತಿಕೊಡುವವನು ಅವನೇ.

"ಯೇಗ್ಳ್ ಬರ್ಕ್, ಕುಷ್ಟಣ್ಣ?"

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಈ ವರ್ಷ ಬ್ಯಾಡ. ಸತ್ತ್ ವರ್ಷ. ನಮ್ಗೆ ಹಬ್ಬ ಇಲ್ಲ."

"ಯಾರ್ ತೀರ್ಕಂಡ್ರ್?" ಅಂದುಬಿಟ್ಟ ನಾಗ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಗಂಗೊಳ್ಳಿಯಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಬಾಯಿ ತಪ್ಪಿತು, ಅಷ್ಟೆ. ನನ್ನ ಮುಖ ನೋಡಿದ. ಕತ್ತಿ ಹೆಗಲಿಗೆ ಹಾಕಿಕೊಂಡು ಹೋದ.

ಸತ್ತವರು ಯಾರೂ ಇಲ್ಲ. ಮಗಳು ಬ್ರಹ್ಮಾವರದಲ್ಲಿ ಗಂಡನ ಜೊತೆ ಇದ್ದಾಳೆ. ಕಳೆದ ಡಿಸೆಂಬರಿನಲ್ಲಿ, ಇಲ್ಲಿ ಬೇರೆ ಹುಡುಗನ ಜೊತೆ ನಿಶ್ಚಯ ಆಗಿ ಹಾಲ್ ಬುಕ್ ಆದ ಮೇಲೆ, ವಿಜೇತಾ ಹೋಗಿ ಮನೀಷನನ್ನು ರಿಜಿಸ್ಟರ್ ಮದುವೆ ಆದಳು. ನಿಶ್ಚಯದ ಹುಡುಗನ ಅಪ್ಪ ಬಂದರಿನ ದಕ್ಕೆಯಲ್ಲಿ ಎಲ್ಲರೆದುರು ಇವರ ಕಾಲಬುಡಕ್ಕೆ ಎಲೆ-ಅಡಿಕೆ ಎಸೆದು ಹೋದ. ಆವತ್ತೇ ಮನೆಗೆ ಬಂದವರು ಅಂಗಿ ಸಮೇತ ಬಾವಿಕಟ್ಟೆಯಲ್ಲಿ ನಿಂತು ತಲೆಗೆ ನೀರು ಹೊಯ್ದುಕೊಂಡರು. ಸಾವಿನ ಸುದ್ದಿ ಕೇಳಿದರೆ ಮಾಡುವ ಸ್ನಾನ. ನನಗೂ ಹೊಯ್ದುಕೊಳ್ಳಲು ಹೇಳಿದರು. ಹೊಯ್ದುಕೊಂಡೆ.

ಅಲ್ಲಿಂದ ಇಲ್ಲಿಯವರೆಗೆ ಸತ್ತವರಿಗೆ ಮಾಡುವುದನ್ನೆಲ್ಲ ಮಾಡುತ್ತಿದ್ದಾರೆ. ತಪ್ಪದೆ. ಮೊದಲು ಬೋಟು ನಡೆಸುವ ತಾಂಡೇಲ ಆಗಿದ್ದವರು, ಈಗ ಐಸ್‌ಪ್ಲಾಂಟಿನಲ್ಲಿ ಕೆಲಸ. ನಾಲ್ಕು ಆಳಿಗೆ ಹೇಳಿ ಮಾಡಿಸಿ ಅಭ್ಯಾಸ, ಹೇಳಿದ್ದನ್ನು ಹಿಂದೆ ತೆಗೆದು ಅಭ್ಯಾಸವಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು. ಡಿಸೆಂಬರಿಗೆ ವರ್ಷ ತುಂಬುತ್ತದೆ. ಆ ದಿನ ಭಟ್ಟರನ್ನು ಕರೆಸಿ, ವರ್ಷದ ಕ್ರಿಯೆಯನ್ನೂ ಮಾಡಿ, ನಾಲ್ಕು ಜನಕ್ಕೆ ಊಟ ಹಾಕಿ ಮುಗಿಸಿಬಿಡುತ್ತಾರಂತೆ. ಮುಗಿಸಿದ ಮೇಲೆ ಮುಗಿಯಿತು.

ಅದೊಂದು ಆಗಬಾರದು ಅಂತ ಒಳಗೆಲ್ಲೋ ಇದೆ. ಹೇಳಲು ಬಾಯಿ ಬರುವುದಿಲ್ಲ. ಅಳುವೂ ಬರುವುದಿಲ್ಲ. ಹೊಲಿಯುತ್ತೇನೆ.


ಅಕ್ಟೋಬರ್ 22, ಬುಧವಾರ

ಎಲ್ಲರ ಮನೆಯಲ್ಲೂ ದೀಪ. ನಮ್ಮಲ್ಲಿ ಟ್ಯೂಬ್‌ಲೈಟು. ಬೇಗ ಊಟ ಮಾಡಿದೆವು.

ಪಕ್ಕದ ಮನೆ ಬೆಳ್ಳಕ್ಕ ಬಾಳೆಲೆಯಲ್ಲಿ ಸಿಹಿ ಕಡುಬು ಮುಚ್ಚಿ ತಂದು, ಒಳಗೆ ಬರದೆ ಬಾಗಿಲಲ್ಲೇ ಕೊಟ್ಟು ಹೋದರು. ಅವರಿಗೂ ಸಾಕಾಗಿದೆ ಈ ನಾಟಕ. ಇವರು ಮುಟ್ಟಲಿಲ್ಲ. ನಾನು ನಿಂತುಕೊಂಡೇ ತಿಂದೆ. ಬೆಲ್ಲ ಜಾಸ್ತಿ.

ಹಿತ್ತಲಲ್ಲಿ ಕಳೆ ಸೊಂಟದವರೆಗೆ ಬಂದಿದೆ. ಹೆಚ್ಚಿನದು ಆ ಗಿಲಿಗಿಲಿ ಗಿಡ. ಹಳದಿ ಹೂವಿನದು. ಕಾಯಿ ಒಣಗಿದರೆ ಒಳಗೆ ಬೀಜ ಗಿಲಿಗಿಲಿ ಅನ್ನುತ್ತದೆ. ಬಟ್ಟೆ ಒಣಗಿಸಲು ಹೋದರೆ ಕಾಲಿಗೆ ತಾಗುತ್ತದೆ. ಇರಲಿ.


ಅ. 26, ಭಾನುವಾರ. ಸಂಜೆ

ಬಟ್ಟೆ ತೆಗೆಯಲು ಹೋದೆ. ಹೊನ್ನೆ ಮರದ ಕೆಳಗಿನ ಒಣಬಳ್ಳಿಗೆ ಎಲೆ ಬಂದ ಹಾಗೆ ಕಂಡಿತು. ಒಣಬಳ್ಳಿಗೆ ಯಾವ ಎಲೆ? ಹತ್ತಿರ ಹೋದೆ. ಚಿಟ್ಟೆ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೀರು. ಒಂದರ ಪಕ್ಕ ಒಂದು, ರೆಕ್ಕೆ ಮುಚ್ಚಿ ನೇತಾಡುತ್ತಾ ಇವೆ. ಇನ್ನೂ ಬರುತ್ತಿದ್ದವು, ತೆಂಗಿನ ಮರದ ಮೇಲಿಂದ ಇಳಿದು. ಜಾಗ ಸಾಲದೆ ಒಂದು ಇನ್ನೊಂದನ್ನು ತಳ್ಳುತ್ತಿತ್ತು. ಬಸ್ಸಿನಲ್ಲಿ ಸೀಟಿಗೆ ತಳ್ಳಾಡುವ ಹಾಗೆ.

ಚಂದ ಇತ್ತು. ಚಂದ ಇದೆ ಅಂತ ಗೊತ್ತಾಯಿತು. ಆದರೆ ಏನೂ ಅನ್ನಿಸಲಿಲ್ಲ. ಬಟ್ಟೆ ಮಡಚಿದೆ.

ಬೆಳ್ಳಕ್ಕ ಬೇಲಿಯಾಚೆಯಿಂದ ಕಂಡು ಕಿರುಚಿದರು. "ಅಬ್ಬಬ್ಬಾ ಜಲಜಾ! ಎಂತ ಇದ್ ಮಾರಾಯ್ತಿ, ಮರಕ್ಕೆ ಚಿಟ್ಟಿ ಹಿಡ್ದಿತ್ತಲೆ!" ಅವರ ಸೊಸೆ ಮೊಬೈಲು ಹಿಡಿದು ಬಂದಳು.


ಅ. 29

ಸೊಸೆಯ ವಿಡಿಯೋ ಊರೆಲ್ಲ ಸುತ್ತಿತಂತೆ. ಜನ ಬರುತ್ತಿದ್ದಾರೆ. ಎದುರಿನ ಗೇಟಿನಿಂದಲ್ಲ, ಹೊಳೆದಡದ ದಾರಿಯಲ್ಲಿ ಬಂದು ಹಿತ್ತಲ ಬೇಲಿ ದಾಟುತ್ತಾರೆ. ಮೊದಲು ಕೇರಿಯವರು. ಆಮೇಲೆ ತ್ರಾಸಿ, ಹೆಮ್ಮಾಡಿ. ಇವತ್ತು ಉಪ್ಪುಂದದಿಂದ ಒಂದು ಓಮ್ನಿ ತುಂಬ.

ಇವರು ಐಸ್‌ಪ್ಲಾಂಟಿನಿಂದ ಬಂದಾಗ ಹಿತ್ತಲಲ್ಲಿ ಅಷ್ಟು ಜನ. ಬಯ್ಯುತ್ತಾರೆ ಅಂದುಕೊಂಡೆ. ಮನೆಗೆ ಬಂದವರಿಗೆ ಹೋಗಿ ಅಂತ ಹೇಳಲು ಬಾರದವರು. ಗಂಟಲು ಸರಿ ಮಾಡಿಕೊಂಡು ನಿಂತರು, ಅಷ್ಟೆ.

ವಿಶಾಲ್ ಅಂತ ಒಬ್ಬ ಬಂದಿದ್ದ, ಕುಂದಾಪುರದ ಕಾಲೇಜಿನಲ್ಲಿ ಪಾಠ ಮಾಡುವವನು. ಅವನು ವಿವರಿಸಿದ. ಮಳೆ ಮುಗಿದ ಮೇಲೆ ಘಟ್ಟದ ಕಡೆಯಿಂದ ಹೊರಟು ದೂರ ಹೋಗುವ ಚಿಟ್ಟೆಗಳಂತೆ. ದಾರಿಯಲ್ಲಿ ಹೀಗೆ ಗುಂಪಾಗಿ ತಂಗುತ್ತವೆ. ಗಂಡು ಚಿಟ್ಟೆಗಳಿಗೆ ಈ ಗಿಲಿಗಿಲಿ ಗಿಡದ ರಸ ಬೇಕೇ ಬೇಕಂತೆ.

"ಈಗ ಎಲ್ಲ ಕಡೆ ಸವರಿ ತೆಗೀತಾರೆ ಸರ್. ಇಷ್ಟು ಗಿಡ ಒಟ್ಟಿಗೆ ಎಲ್ಲೂ ಸಿಗುದಿಲ್ಲ. ನೀವು ಉಳಿಸಿದ್ದೀರಿ. ಗ್ರೇಟ್."

"ಹ್ಞೂಂ," ಅಂದರು ಇವರು.

ಏನು ಹ್ಞೂಂ! ಮಗಳು ಸತ್ತಳು ಅಂತ ಹಬ್ಬ ಬಿಟ್ಟರು. ಹಬ್ಬ ಇಲ್ಲ ಅಂತ ಕಳೆ ಬಿಟ್ಟರು. ಕಳೆ ಇದೆ ಅಂತ ಇವು ಬಂದವು. ಗ್ರೇಟ್.


ನವೆಂಬರ್ 2, ಭಾನುವಾರ

ಇವರು ಊಟಕ್ಕೆ ಕೂತಿದ್ದರು. ಬೆಳ್ಳಕ್ಕ ಹಿತ್ತಲ ಬಾಗಿಲಲ್ಲಿ ನಿಂತು, ಎಷ್ಟು ಜನ ಬಂದರು ಅಂತ ಹೆಮ್ಮೆಯಿಂದ ಹೇಳುತ್ತಿದ್ದರು, ಅವರದೇ ಹಿತ್ತಲು ಅನ್ನುವ ಹಾಗೆ.

"ಬ್ರಹ್ಮಾವರದಗೂ ಎಲ್ಲರ್ ಮೊಬೈಲಲ್ಲಿ ಇತ್ತಂಬ್ರ್ ನಿಮ್ ಹಿತ್ಲ್."

ಅಂದವರೇ ನಾಲಿಗೆ ಕಚ್ಚಿಕೊಂಡರು. ಈ ಮನೆಯಲ್ಲಿ ಆ ಊರಿನ ಹೆಸರು ಹೇಳಿದರೆ ಫ್ಯಾನ್ ಕೂಡ ನಿಂತ ಹಾಗಾಗುತ್ತದೆ. ಇವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅರ್ಧ ಊಟ.

ಹಾಗಾದರೆ ಅವಳೂ ನೋಡಿರಬೇಕು. ನಮ್ಮ ಬಾವಿ, ನಮ್ಮ ಬಟ್ಟೆ ಒಣಗಿಸುವ ಹಗ್ಗ, ನನ್ನ ನೈಟಿ. ಯಾರು ಬೇಕಾದರೂ ಬರಬಹುದಾದ ಹಿತ್ತಲು ಈಗ. ಅವಳು ಬಂದರೆ...

ಬರೆದು ನಿಲ್ಲಿಸಿದೆ. ಎದೆ ಒಮ್ಮೆ ಹೊಡೆದುಕೊಂಡಿತು. ಆಮೇಲೆ ಮತ್ತೆ ಮೊದಲಿನ ಹಾಗೇ.


ನ. 3

ನಾನು ಯೋಚಿಸಿದ್ದನ್ನು ಅವರೂ ಯೋಚಿಸಿದ್ದಾರೆ. ಬೆಳಿಗ್ಗೆ ಡ್ಯೂಟಿಗೆ ಹೋಗಲಿಲ್ಲ. ಕತ್ತಿ ಮಸೆದರು. ಗಿಲಿಗಿಲಿ ಗಿಡ ಅಷ್ಟನ್ನೂ ಬುಡಕ್ಕೆ ಕಡಿದು ಬೇಲಿಗುಂಟ ರಾಶಿ ಹಾಕಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು.

"ಎಂತಕ್ಕೆ ಕಡ್ದದ್?" ಕೇಳಿಯೇಬಿಟ್ಟೆ.

"ಗಿಡ ಇಲ್ದಿರೆ ಚಿಟ್ಟಿ ಇಲ್ಲ. ಚಿಟ್ಟಿ ಇಲ್ದಿರೆ ಯಾರೂ ಬಪ್ದಿಲ್ಲ."

ಯಾರೂ ಅಂದರೆ ಯಾರು ಅಂತ ಇಬ್ಬರಿಗೂ ಗೊತ್ತು. ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ. ಅವರ ಕೈಗೆ ಗುಳ್ಳೆ ಎದ್ದಿತ್ತು. ತೆಂಗಿನೆಣ್ಣೆ ಕೊಟ್ಟೆ.


ನ. 8, ಶನಿವಾರ

ಇದನ್ನು ಬರೆದಿಡಬೇಕು.

ಕಡಿದ ಗಿಡ ನಾಲ್ಕು ಬಿಸಿಲಿಗೆ ಬಾಡಿ ಒಣಗಿತು. ಒಣಗಿದ್ದೇ ತಡ, ಮೊದಲು ಬಂದದ್ದು ಏನೂ ಅಲ್ಲ ಅನ್ನುವ ಹಾಗೆ ಚಿಟ್ಟೆ ಬಂದವು. ರಾಶಿಯ ಮೇಲೆ ಗಿಡ ಕಾಣುವುದೇ ಇಲ್ಲ. ಹಗಲೆಲ್ಲ ಅಲ್ಲಿ, ಸಂಜೆಗೆ ಹೊನ್ನೆ ಮರಕ್ಕೆ. ಮರ ಸಾಲದೆ ಕರಿಬೇವಿನ ಗಿಡಕ್ಕೂ, ಬಟ್ಟೆ ಹಗ್ಗಕ್ಕೂ.

ವಿಶಾಲ್ ಓಡೋಡಿ ಬಂದ. "ಸರ್, ಕಡಿದು ಒಣಗಿಸಿದರೆ ಇನ್ನೂ ಜಾಸ್ತಿ ಬರ್ತಾವೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ಒಣಗಿದ ಗಿಡವೇ ಇವಕ್ಕೆ ಇಷ್ಟ. ನಾನೇ ನಿಮಗೆ ಹೇಳ್ಬೇಕು ಅಂತ ಇದ್ದೆ!"

ಇವರ ಮುಖ! ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ಅಡುಗೆಮನೆಯಲ್ಲಿ ಸಿಂಕ್ ಹಿಡಿದುಕೊಂಡು ನಕ್ಕೆ. ಇವರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನೀರು ಕುಡಿದು ಹೋದರು.


ನ. 14

ಈಗ ಇವರೇ ಗೈಡು. ಹಳೆ ಬಲೆಯ ಹಗ್ಗ ಕಟ್ಟಿ ಜನ ನಿಲ್ಲುವ ಜಾಗ ಬೇರೆ ಮಾಡಿದ್ದಾರೆ. ಮಧ್ಯಾಹ್ನ ಬಂದವರೇ ಇಸ್ತ್ರಿ ಅಂಗಿ ಹಾಕಿಕೊಂಡು ಹಿತ್ತಲಿಗೆ. "ಹ್ವಾಯ್, ಮುಟ್ಬೇಡಿ, ರೆಕ್ಕಿ ಪುಡಿ ಹೋತ್ತ್." "ಇವು ಗಾಳಿ ಕಂಡೇ ಹೊರಡುದ್. ನಮ್ಮ ಬೋಟಿನ್ ಹಾಂಗೆ." ಗಾಳಿಯ ವಿಷಯ ಬಂದರೆ ಇವರನ್ನು ಮೀರಿಸುವವರಿಲ್ಲ, ಅದು ನಿಜ. ವಿಶಾಲ್ ಕೂಡ ಕೇಳುತ್ತಾ ನಿಲ್ಲುತ್ತಾನೆ.

ನಾನು ಕಿಟಕಿಯಲ್ಲಿ ಮಷೀನ್ ಹಾಕಿಕೊಂಡು ಕೂತಿರುತ್ತೇನೆ. ಬರುವ ಹೆಂಗಸರ ನಡಿಗೆ ನೋಡುತ್ತೇನೆ. ಮುಖ ಅಲ್ಲ, ನಡಿಗೆ. ಅವಳದು ಬಲಗಾಲು ಸ್ವಲ್ಪ ಹೊರಗೆ. ಸಣ್ಣವಳಿದ್ದಾಗ ದಕ್ಕೆಯಲ್ಲಿ ಬಿದ್ದು ಆದದ್ದು.

ಮಧ್ಯಾಹ್ನ ಭಟ್ಟರ ಫೋನು. ಮುಂದಿನ ತಿಂಗಳ ಕ್ರಿಯೆಗೆ ದಿನ ಬರೆದಿಟ್ಟುಕೊಳ್ಳುವುದಾ ಅಂತ. "ಹ್ಞಾಂ, ಬರ್ದ್ಕಣಿ," ಅಂದರು ಇವರು.


ನ. 16, ಭಾನುವಾರ

ಬಂದಳು.

ಸರಿಯಾಗಿ ಬರೆಯಬೇಕು. ಬರೆಯಬಹುದು.

ಮೂರು ಗಂಟೆ ದಾಟಿತ್ತು. ಕೋಟೇಶ್ವರದ ಕಡೆಯ ಒಂದು ಗುಂಪಿನ ಹಿಂದೆ ಬಂದಳು, ತಲೆಗೆ ವೇಲ್ ಹೊದ್ದುಕೊಂಡು. ಮನೀಷ ಬೇಲಿಯ ಹೊರಗೇ ನಿಂತ. ನಡಿಗೆಯಲ್ಲಿ ಗುರುತು ಸಿಗಲಿಲ್ಲ ನನಗೆ. ನಡಿಗೆ ಬದಲಾಗಿತ್ತು. ಬಸುರಿ. ತುಂಬಿದ ಹೊಟ್ಟೆ. ನನಗೆ ಯಾರೂ ಹೇಳಿರಲಿಲ್ಲ.

ನಾನು ಹಿತ್ತಲ ಮೆಟ್ಟಿಲ ಮೇಲೆ ಬಂದು ನಿಂತೆ. ಇವರು ಗುಂಪಿಗೆ ಹೇಳುತ್ತಿದ್ದರು, ಗಾಳಿ, ಘಟ್ಟ, ಎಲ್ಲ. ತಿರುಗಿದರು. ಕಂಡರು. ಮಾತು ನಿಂತಿತು. ಓಡಿಸುತ್ತಾರೆ ಅಂದುಕೊಂಡೆ. ಗುಂಪಿನವರು ಕಾಯುತ್ತಿದ್ದರು.

"ನೀವ್ ಎಲ್ಲಿಂದ ಬಂದದ್?" ಅವಳನ್ನೇ ಕೇಳಿದರು. ಬಂದ ಎಲ್ಲರನ್ನೂ ಕೇಳುವ ಹಾಗೆಯೇ.

"ಬ್ರಹ್ಮಾವರದಿಂದ."

"ಬಸ್ಸಿಗಾ?"

"ಹ್ಞಾಂ."

"ಕೂಕಂಬುಕ್ ಸೀಟ್ ಸಿಕ್ಕಿತ್ತಾ?"

ಅವಳು ತಲೆ ಆಡಿಸಿದಳು. ಇವರು ಮತ್ತೆ ಗುಂಪಿನ ಕಡೆ ತಿರುಗಿ, ಬಿಟ್ಟಲ್ಲಿಂದ ಶುರು ಮಾಡಿದರು. ಘಟ್ಟ, ಗಾಳಿ. ಎರಡು ಸಲ ಅದೇ ಹೇಳಿದರು. ನಡುವೆ, ನನ್ನ ಕಡೆ ನೋಡದೆ, "ಏಯ್, ಅವ್ರಿಗೊಂದ್ ಕುರ್ಚಿ ತಂದ್ ಹಾಕ್. ನಿತ್ಕಂಡೇ ಇದ್ರಲೆ."

ಕುರ್ಚಿ ತಂದೆ. ಕೂತಳು. "ನೀರ್ ಬೇಕಾ?" ಅಂದೆ. ಬೇರೆ ಏನು ಕೇಳಬೇಕು ಅಂತ ತಿಳಿಯಲಿಲ್ಲ. ಇಷ್ಟು ದಿನ ಒಳಗೆ ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ಲೋಟ ಹಿಡಿದ ಅವಳ ಬೆರಳು ಊದಿತ್ತು. ಉಂಗುರ ತೆಗೆದಿದ್ದಾಳೆ.

"ಎಷ್ಟಾಯ್ತ್?" ಮೆಲ್ಲಗೆ ಕೇಳಿದೆ.

"ಏಳ್ ತುಂಬ್ತ್ ಅಮ್ಮ."

ಸಂಜೆಯವರೆಗೆ ಕೂತಿದ್ದಳು. ಚಿಟ್ಟೆ ಒಂದೊಂದೇ ಮರಕ್ಕೆ ಹೋಗಿ ನೇತಾಡಿದವು. ಉಳಿದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಅವಳು ಮರ ನೋಡಲೇ ಇಲ್ಲ. ಅಡುಗೆಮನೆ ಕಿಟಕಿ ನೋಡುತ್ತಿದ್ದಳು. ಇವರು ಹಗ್ಗ ಬಿಗಿ ಮಾಡಿದರು, ಬಿಗಿ ಇದ್ದ ಹಗ್ಗವನ್ನೇ. ಆಮೇಲೆ ಹೊನ್ನೆ ಮರಕ್ಕೆ ಹೇಳಿದ ಹಾಗೆ ಹೇಳಿದರು, "ಕಡೆ ಬಸ್ಸಿಗೆ ರಶ್ ಇರತ್ತ್. ಈಗ್ಳೇ ಹೊರಟ್ರೆ ಒಳ್ಳೇದ್."

ಎದ್ದಳು. ಬಂದ ದಾರಿಯಲ್ಲೇ ಹೋದಳು. ಮನೀಷ ಅವಳ ಕೈ ಹಿಡಿದು ಬೇಲಿ ದಾಟಿಸಿದ. ಜೋಪಾನವಾಗಿ ಹಿಡಿದ. ಅದು ಕಂಡಿತು ನನಗೆ. ಇವರಿಗೂ ಕಂಡಿರಬೇಕು.

ಕುರ್ಚಿ ಒಳಗೆ ತಂದೆ. ಅನ್ನ ಇಟ್ಟೆ.


ನ. 17

ಅವಳ ಮಾತಿಲ್ಲ. ಬಂಗುಡೆ ಗಸಿ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡರು.

ಕೈ ತೊಳೆಯುತ್ತಾ, ಬೆನ್ನು ಹಾಕಿಕೊಂಡು, "ಆ ಬ್ರಹ್ಮಾವರದೋರ್ ನೀರ್ ಕುಡ್ದ್ರಾ?"

"ಕುಡ್ದ್ರ್."

ಅಷ್ಟೇ.


ನ. 24, ಸೋಮವಾರ

ಚಿಟ್ಟೆ ಹೋದವು. ಮೊನ್ನೆ ಇದ್ದವು, ನಿನ್ನೆ ಬೆಳಿಗ್ಗೆ ಎದ್ದಾಗ ಹಗ್ಗದ ಮೇಲೆ ಎರಡು, ಇವತ್ತು ಒಂದೂ ಇಲ್ಲ. ರಾತ್ರಿ ಗಾಳಿ ತಿರುಗಿತ್ತಂತೆ. ವಿಶಾಲ್ ಬಂದು ಥ್ಯಾಂಕ್ಸ್ ಹೇಳಿ ಹೋದ. ಇನ್ನು ಮುಂದಿನ ವರ್ಷವೇ, ಬಂದರೆ, ಅಂದ.

ಜನ ಇಲ್ಲ. ಹಿತ್ತಲು ಮತ್ತೆ ನಮ್ಮದೇ. ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಸಂಜೆಯವರೆಗೆ ಅಲ್ಲೇ ಕೂತಿದ್ದರು.

ಬೆಳ್ಳಕ್ಕ ಬಂದಿದ್ದರು. ಅವರಿಗೆ ಎಲ್ಲ ಗೊತ್ತಾಗಿದೆ, ಬೇಲಿಯಾಚೆಯಿಂದ ನೋಡಿದ್ದಾರೆ. "ಚೊಚ್ಚಲ ಬಾಣಂತನ ಅಮ್ಮನ ಮನಿದ್, ಜಲಜಾ. ಅಲ್ಲ್ ಆ ಹೆಣ್ಣಿಗೆ ಅತ್ತೆಯೂ ಇಲ್ಯಂಬ್ರ್. ಯಾರ್ ಕಾಂಬುದ್?" ಇವರಿಗೆ ಕೇಳಲಿ ಅಂತಲೇ ಜೋರಾಗಿ ಹೇಳಿದರು. ನಾನು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿತು. ನೋವು ಆಮೇಲೆ ಗೊತ್ತಾಯಿತು.


ಡಿಸೆಂಬರ್ 1

ಐಸ್‌ಪ್ಲಾಂಟಿನಿಂದ ಬರುವಾಗ ತಲೆಯ ಮೇಲೆ ಹೊರೆ. ಹೊಳೆದಡದಿಂದ ಗಿಲಿಗಿಲಿ ಗಿಡ ಕಡಿದು ತಂದಿದ್ದಾರೆ. ಹಿತ್ತಲಲ್ಲಿ ಹರಡಿದರು.


ಡಿ. 5

ಇನ್ನೊಂದು ಹೊರೆ. ತ್ರಾಸಿಯ ಕಡೆಯಿಂದಂತೆ, ರಿಕ್ಷಾದ ಮೇಲೆ ಹಾಕಿಸಿಕೊಂಡು. ಊರವರು ನಗುತ್ತಿದ್ದಾರೆ. ಹಿಂದಿನ ಹೊರೆ ಒಣಗಿ ಗರಿಗರಿ ಆಗಿದೆ. ಇವರು ಅದನ್ನು ತಿರುವಿ ಹಾಕುತ್ತಾರೆ, ಮೀನು ಒಣಗಿಸುವವರ ಹಾಗೆ. ಆಕಾಶ ನೋಡುತ್ತಾರೆ. ಒಂದು ಚಿಟ್ಟೆಯೂ ಬರಲಿಲ್ಲ.

ನನಗೆ ಅವರ ಮೇಲೆ ಕನಿಕರ ಆಯಿತು. ಅದು ಅನ್ನಿಸಿತು, ಸ್ಪಷ್ಟವಾಗಿ. ಬಹಳ ದಿನದ ಮೇಲೆ ಏನೋ ಒಂದು ಅನ್ನಿಸಿತು. ಹಾಗಂತ ಭಟ್ಟರಿಗೆ ಬೇಡ ಅಂತ ಫೋನೇನೂ ಮಾಡಿಲ್ಲ ಅವರು. ಕ್ಯಾಲೆಂಡರಿನಲ್ಲಿ ಹನ್ನೆರಡರ ಸುತ್ತ ಪೆನ್ನಿನ ಗುರುತು ಹಾಗೇ ಇದೆ.


ಡಿ. 11

ಅಕ್ಕಿ, ಎಳ್ಳು ತಂದಿಡಲು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನೆನಪು ಮಾಡಿದ ಹಾಗೆ. ಸುಮ್ಮನಿದ್ದರೆ ಮರೆಯುತ್ತಾರೇನೋ ಅಂತ ಮಕ್ಕಳ ಹಾಗೆ ಆಸೆ. ಇವರು ಮರೆಯುವವರಾ?


ಡಿಸೆಂಬರ್ 12, ಶುಕ್ರವಾರ

ಬೆಳಿಗ್ಗೆ ಭಟ್ಟರು ಬಂದರು. ಚೀಲ ಹಿಡಿದುಕೊಂಡು, ಸ್ನಾನ ಮಾಡಿ, ಸಮಯಕ್ಕೆ ಸರಿಯಾಗಿ. ನಾನು ಒಲೆಯ ಮುಂದೆ ನಿಂತಿದ್ದೆ. ಆಗಿಹೋಗಲಿ, ಬೇಗ ಆಗಿಹೋಗಲಿ ಅಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ.

ಇವರು ಜಗಲಿಗೆ ಹೋದರು. ಏನು ಮಾತಾಡಿದರೋ ಕೇಳಿಸಲಿಲ್ಲ. ಕಾಫಿ ಕೊಡಲು ಹೋದಾಗ ಭಟ್ಟರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಕಾಫಿ ಮಾತ್ರ ಕುಡಿದರು. ನನ್ನನ್ನು ನೋಡಿ, "ಬತ್ತೆ ಅಮ್ಮ, ಒಳ್ಳೇದಾಯ್ಲಿ," ಅಂದು ಹೋದರು.

ಇವರು ಒಳಗೆ ಬಂದು ಮಷೀನಿನ ಪಕ್ಕ ಕೂತರು. ಬಟ್ಟೆ ಚೂರು ಮುಟ್ಟಿ ನೋಡಿದರು.

"ಆ ಬ್ರಹ್ಮಾವರದೋರ್ ನಂಬರ್ ಇತ್ತಾ ನಿನ್ನತ್ರ?"

ಫೋನಿನಲ್ಲಿ ಇಲ್ಲ. ಆವತ್ತು ಇವರೇ ಎದುರು ಕೂತು ಡಿಲೀಟ್ ಮಾಡಿಸಿದ್ದರು. ನಾನು ಹೊಲಿಗೆ ನಿಲ್ಲಿಸದೆ ಹೇಳಿದೆ. ಒಂಬತ್ತರಿಂದ ಶುರು ಮಾಡಿ ಕೊನೆಯ ಸೊನ್ನೆಯವರೆಗೆ, ಒಂದೂ ತಡೆಯದೆ. ಬಾಯಿಪಾಠ. ಇವರು ತಲೆ ಎತ್ತಿ ನೋಡಿದರು. ಇನ್ನೊಮ್ಮೆ ಹೇಳು ಅಂದರು. ಇನ್ನೊಮ್ಮೆ ಹೇಳಿದೆ.

ಈಗ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದ್ದಾರೆ. ನಾನು ಇಲ್ಲಿ, ಕಿಟಕಿಯ ಹತ್ತಿರ. ಕೈ ಸುಮ್ಮನೆ ಇರಲಾರದೆ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿರಬೇಕು. ಗಂಟಲು ಸರಿ ಮಾಡಿಕೊಂಡರು.

"ಹಲೋ... ಹ್ಞಾಂ. ಗಂಗೊಳ್ಳಿಯಿಂದ ಮಾತಾಡುದ್. ಹೌದ್. ಚಿಟ್ಟಿ ಮತ್ತೆ ಬಂದಿತ್ತ್, ಅದ್ಕೇ ಹೇಳ್ವ ಅಂದೇಳಿ... ಮಸ್ತ್ ಬಂದಿತ್ತ್. ಮರ ಕಾಂತಿಲ್ಲ."

ಹಿತ್ತಲು ನೋಡಿದೆ. ಒಣಗಿದ ಗಿಡ. ಬಿಸಿಲು. ಒಂದೇ ಒಂದು ಇಲ್ಲ. ಮೂವತ್ತು ವರ್ಷದಲ್ಲಿ ಇವರ ಬಾಯಲ್ಲಿ ನಾನು ಸುಳ್ಳು ಕೇಳಿಲ್ಲ.

"ಸಂಜಿಗೇ ಕಾಂಬುದ್ ಅದ್. ಬೆಳಿಗ್ಗೆಯೂ ಕಾಣ್ಕ್. ಬಂದ್ರೆ ಒಂದ್ ನಾಲ್ಕ್ ದಿನ ಉಳೂ ಹಾಂಗೇ ಬನಿ. ಬಸ್ಸಿಗ್ ಬ್ಯಾಡ, ನಾ ರಿಕ್ಷಾ ಕಳ್ಸ್ತೆ... ಹ್ಞಾಂ?"

ಅವಳು ಏನೋ ಕೇಳಿದಳು.

"ಈಗ್ಳೂ ಇತ್ತ್ ಮಗಾ. ನನ್ ಕಣ್ಣೆದ್ರೇ ಇ..."

ದನಿ ಹೋಯಿತು. ಫೋನು ನನ್ನ ಕಡೆ ಚಾಚಿದ್ದಾರೆ, ಮುಖ ಆ ಕಡೆ